ತಲೆ ನೆನೆಯದ ಮುಳುಗು

ಮರಿತಾಯಮ್ಮನ ರವಿಕೆಯ ಬೆನ್ನು ಒದ್ದೆಯಾಗಿರುವುದನ್ನು ಮೊದಲು ಕಂಡವನು ಸೋಮಶೇಖರ್. ನಂಜನಗೂಡಿನ ಬೈಪಾಸಿನ ಪಕ್ಕದ ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತು, ಬಂದ ಬಂದ ಚರ್ಮವೈದ್ಯರಿಗೆಲ್ಲ ಒಂದು ಚೀಲ, ಒಂದು ಪೆನ್ನು, ಕೊರಳಿಗೊಂದು ಹೆಸರಿನ ಪಟ್ಟಿ ಹಂಚುವ ಕೆಲಸ ಅವನದು. ಹಂಚುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು.

“ಕವನಾ, ನಿನ್ನ ಪೇಷೆಂಟು ನೆನ್ಕೊಂಡು ಬಂದವ್ರೆ ನೋಡು.”

ಒಳಗೆ ಇಡ್ಲಿ ತಟ್ಟೆ ಹಿಡಿದು ತನ್ನ ಭಾಷಣವನ್ನು ತನಗೇ ಒಪ್ಪಿಸಿಕೊಳ್ಳುತ್ತಿದ್ದ ಡಾಕ್ಟರ್ ಕವನ ತಟ್ಟೆಯೊಂದಿಗೇ ಓಡಿಬಂದಳು. ಮೆಟ್ಟಿಲ ಮೇಲೆ ಮರಿತಾಯಮ್ಮ ನಿಂತಿದ್ದಳು. ಐವತ್ತು ದಾಟಿದ ಹೆಂಗಸು. ದುಂಡು ಮುಖ, ತುರುಬಿಗೆ ಒತ್ತಾಗಿ ಸುತ್ತಿದ ಮಲ್ಲಿಗೆ, ಕೈಯಲ್ಲಿ ವಯರಿನ ಬುಟ್ಟಿ. ಸೀರೆ ಮಡಿಯದು. ಆದರೆ ರವಿಕೆ ಬೆನ್ನಿಗೆ ಅಂಟಿಕೊಂಡು, ಅಂಚಿನಿಂದ ನೀರು ಇನ್ನೂ ಇಳಿಯುತ್ತಿತ್ತು.

“ದೊಡ್ಡವ್ವಾ! ಬೆನ್ನಿಗೆ ನೀರು ಸೋಕಿಸಬೇಡಿ ಅಂತ ಎಷ್ಟು ಸಲ ಹೇಳಿದ್ದೆ?”

“ಯೋಳಿದ್ದೆ ಕಣವ್ವ, ಯೋಳ್ನಿಲ್ಲ ಅಂದೋರ್ಯಾರು?” ಮರಿತಾಯಮ್ಮ ನಕ್ಕಳು. “ಅಲ್ಲ, ನಂಜುಂಡಪ್ಪನ ಊರ್ಗೆ ಬಂದು ಒಳೆಗಿಳೀದೆ ಇರಕಾಯ್ತದಾ ಡಾಕ್ಟ್ರವ್ವ? ಕಾಲು ತಾನಾಗೇ ಇಳ್ಕಂಡ್ ಓಯ್ತು. ಒಂದ್ ಮುಳುಗ್ ಆಕ್ಬುಟ್ಟೆ.”

“ಬೆನ್ನ ಮೇಲಿನ ಪಟ್ಟಿ?”

“ಅದು ಕಪಿಲೆ ಪಾಲು.”

ಸುತ್ತ ನಿಂತಿದ್ದ ನಾಲ್ಕಾರು ವೈದ್ಯರು ಗೊಳ್ಳೆಂದು ನಕ್ಕರು. ಕವನಳ ತಟ್ಟೆಯ ಚಟ್ನಿ ಮಾತ್ರ ನಗದೆ ಅಂಚಿಗೆ ಸರಿಯಿತು.

ನಗುವ ಸಂಗತಿಯೇನೋ ಹೌದು. ಮೈಸೂರು, ಮಂಡ್ಯ, ಚಾಮರಾಜನಗರದ ಚರ್ಮವೈದ್ಯರು ಕಲಿತ ವಿದ್ಯೆಗೆ ತುಕ್ಕು ಹಿಡಿಯಬಾರದೆಂದು ಆಗಾಗ ಒಂದು ಭಾನುವಾರ ಹೀಗೆ ಒಂದೆಡೆ ಸೇರುತ್ತಾರೆ. ಯಾರೋ ಹಿರಿಯರು ಹೊಸದನ್ನು ಹೇಳುತ್ತಾರೆ, ಯಾರೋ ಕಿರಿಯರು ಕಂಡದ್ದನ್ನು ತೋರಿಸುತ್ತಾರೆ, ಮಧ್ಯಾಹ್ನ ಒಳ್ಳೆಯ ಊಟ, ಸಂಜೆಗೆ ಪ್ರಮಾಣಪತ್ರ. ಈ ಸಲದ ವಿಷಯ, ಮುಟ್ಟಿದ್ದರಿಂದ ಬರುವ ಅಲರ್ಜಿ. ತಿರುಮಕೂಡಲು ನರಸೀಪುರದಲ್ಲಿ ಹೋದ ವರ್ಷವಷ್ಟೇ ಕ್ಲಿನಿಕ್ ತೆರೆದಿದ್ದ ಕವನಳಿಗೆ ಒಂದು ಪಾಠದ ಅವಕಾಶ ಸಿಕ್ಕಿತ್ತು. ಪ್ಯಾಚ್ ಟೆಸ್ಟನ್ನು ಎಲ್ಲರ ಕಣ್ಣೆದುರು ಬಿಚ್ಚಿ, ಚರ್ಮ ಏನು ಹೇಳುತ್ತಿದೆ ಎಂದು ಓದಿ ತೋರಿಸುವುದು.

ಆ ಟೆಸ್ಟೆಂದರೆ ಕವನಳಿಗೆ ಮೊದಲಿನಿಂದಲೂ ಒಂದು ಬೆರಗು. ಬಟಾಣಿಯಷ್ಟು ಅಗಲದ ಪುಟ್ಟ ಪುಟ್ಟ ಬಟ್ಟಲು. ಒಂದೊಂದರಲ್ಲೂ ಒಂದೊಂದು ಅನುಮಾನದ ವಸ್ತು. ಎಲ್ಲವನ್ನೂ ಒಂದು ಪಟ್ಟಿಯಲ್ಲಿ ಸಾಲಾಗಿ ಕೂರಿಸಿ ಬೆನ್ನಿಗೆ ಅಂಟಿಸಿಬಿಟ್ಟರೆ, ಎರಡು ದಿನ ಕಳೆಯುವಷ್ಟರಲ್ಲಿ ತಪ್ಪಿತಸ್ಥ ತಾನಿದ್ದ ಜಾಗದಲ್ಲಿ ಕೆಂಪಗೆ ಉಬ್ಬಿ ಸಿಕ್ಕಿಬೀಳುತ್ತಾನೆ. ಅಲ್ಲಿಯವರೆಗೆ ಬೆನ್ನು ಒಣಗಿರಬೇಕು, ಬೆವರಲೂ ಬಾರದು. ಅದೊಂದೇ ವ್ರತ.

ಮರಿತಾಯಮ್ಮ ನರಸೀಪುರದ ಬಸ್‌ಸ್ಟ್ಯಾಂಡಿನ ಎದುರು ಹೂ ಕಟ್ಟುವವಳು. ಅವಳ ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಗಳು ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕುಬಿಟ್ಟಿದ್ದವು. ಮುಲಾಮು ಹಚ್ಚಿದರೆ ವಾರ ಸುಮ್ಮನಿದ್ದು ಮತ್ತೆ ಒಡೆಯುತ್ತಿದ್ದವು. “ನಾರಿಂದ ಕಣವ್ವ, ಒದ್ದೆ ಬಾಳೆನಾರಿಂದ” ಎಂದು ಅವಳೇ ರೋಗ ಹೇಳಿಕೊಂಡು ಬಂದಿದ್ದಳು. ಟೆಸ್ಟ್ ಮಾಡಿ ನೋಡೋಣ, ಹತ್ತು ಜನ ಡಾಕ್ಟರರಿಗೂ ತೋರಿಸೋಣ ಎಂದಾಗ ಖುಷಿಯಿಂದಲೇ ಒಪ್ಪಿದ್ದಳು. ಶುಕ್ರವಾರ ಬೆಳಿಗ್ಗೆ ತಾನು ಮುಟ್ಟುವ ಏಳನ್ನೂ ಬಾಳೆ ಎಲೆಯಲ್ಲಿ ಕಟ್ಟಿ ತಂದು ಮೇಜಿನ ಮೇಲೆ ಹರಡಿದ್ದಳು. ಸೇವಂತಿಗೆ, ಚೆಂಡುಹೂವು, ಮಲ್ಲಿಗೆ, ಕನಕಾಂಬರ, ಮರುಗ, ತುಳಸಿ, ಬಾಳೆನಾರು. ಕವನ ಅದೇ ಸಾಲಿನಲ್ಲಿ, ಎಡ ಹೆಗಲ ಮೂಳೆಯ ಪಕ್ಕದಿಂದ ಕೆಳಕ್ಕೆ ಅಂಟಿಸಿದ್ದಳು. “ನಂಜನಗೂಡಲ್ಲಿ ನನ್ ತಂಗಿ ಮನೆ ಅದೆ. ನಾನು ಒಂದಿನ ಮುಂಚೆನೇ ಓಗಿರ್ತೀನಿ, ನೀನು ಯೋಚ್ನೆ ಮಾಡ್ಬೇಡ” ಎಂದು ಮರಿತಾಯಮ್ಮ ಶನಿವಾರವೇ ಬಸ್ಸು ಹತ್ತಿದ್ದಳು.

ಈಗ ನೋಡಿದರೆ ಪಟ್ಟಿ ಹೊಳೆ ಪಾಲು.

ಗದ್ದಲ ಕೇಳಿ ಹಿರಿಯ ವೈದ್ಯರಾದ ಗಂಗಾಧರಸ್ವಾಮಿಯವರು ಕಾಫಿ ಲೋಟ ಹಿಡಿದು ಬಂದರು. ಈ ಸಭೆಯನ್ನು ವರ್ಷಾನುಗಟ್ಟಲೆ ನಡೆಸಿಕೊಂಡು ಬಂದವರು. ಸಂಗತಿ ಕೇಳಿ ಹೊಟ್ಟೆ ಕುಣಿಸಿ ನಕ್ಕರು.

“ಪೇಷೆಂಟ್‌ನ ಸೋಪು ಯಾವುದು ಅಂತ ಕೇಳ್ತೀವಿ, ಎಣ್ಣೆ ಯಾವುದು ಅಂತ ಕೇಳ್ತೀವಿ. ಮನೆದೇವರು ಯಾವುದು ಅಂತ ಕೇಳೋದೇ ಇಲ್ಲ ನೋಡಿ. ಹೋಗ್ಲಿ ಬಿಡಮ್ಮ. ನನ್ನ ಹತ್ರ ಒಳ್ಳೊಳ್ಳೆ ಫೋಟೊ ಇದಾವೆ. ಅವನ್ನೇ ಪರದೆ ಮೇಲೆ ಹಾಕಿ ಪಾಠ ಮುಗಿಸಿಬಿಡು. ಬೆನ್ನು ಯಾರದಾದ್ರೆ ಏನು? ಪಾಪ, ಈಯಮ್ಮನಿಗೆ ತಿಂಡಿ ಕೊಟ್ಟು ಕಳಿಸು.”

“ಊ ಕಣವ್ವ, ಸಾವ್ಕಾರ್ರು ಸರ್ಯಾಗ್ ಯೋಳುದ್ರು” ಎಂದು ಮರಿತಾಯಮ್ಮ ಬುಟ್ಟಿಯನ್ನು ಆಗಲೇ ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. “ನಾನು ಒಂಟೋಯ್ತೀನಿ. ಅತ್ತೂವರೆ ಬಸ್ ಸಿಕ್ತದೆ.”

ಕವನಳೂ ತಲೆಯಾಡಿಸಿದಳು. ಅದೇ ಸರಳ. ಇದೇ ಕಪಿಲೆ ಹರಿದು ನರಸೀಪುರಕ್ಕೇ ಹೋಗುತ್ತದೆ, ಆ ಪಟ್ಟಿ ತನಗಿಂತ ಮೊದಲೇ ಊರು ಸೇರಿ ಸಂಗಮದ ಮೆಟ್ಟಿಲಲ್ಲಿ ಕಾಯುತ್ತ ಕೂತಿರುತ್ತದೆಯೋ ಏನೋ ಎಂದು ಅವಳ ಮನಸ್ಸು ಎಲ್ಲಿಗೋ ತೇಲಿತು. ಹೀಗೆ ತೇಲುವುದು ಅವಳ ಹಳೆಯ ಚಾಳಿ. ಅಜ್ಜಿ ಚಿಕ್ಕಮಾದಮ್ಮ ತಲಕಾಡಿನ ಹೊಳೆಯಲ್ಲಿ ಅವಳನ್ನು ಮೀಯಿಸುತ್ತಿದ್ದಾಗಲೂ ಅವಳು ನೀರಿನೊಳಗಿನ ಅರಮನೆ ಹುಡುಕುತ್ತ ನಿಂತುಬಿಡುತ್ತಿದ್ದಳು. ಆಗ ಅಜ್ಜಿಯ ದಪ್ಪ ಅಂಗೈ ನೆತ್ತಿಯ ಮೇಲೆ ಬಿದ್ದು ಒಳಕ್ಕೆ ಒತ್ತುತ್ತಿತ್ತು. “ಮುಳುಗು ಅಂದ್ರೆ ನೆತ್ತಿ ನೆನೀಬೇಕು ಕೂಸೇ. ತಲೆ ನೆನೀದಿದ್ದು ಎಮ್ಮೆ ಮುಳುಗು. ದೇವ್ರು ಅದನ್ನ ಲೆಕ್ಕಕ್ಕೆ ಇಡಿಯಾಕಿಲ್ಲ.”

ಕವನ ತಟಕ್ಕನೆ ನೆಲಕ್ಕಿಳಿದಳು.

ಮರಿತಾಯಮ್ಮ ಬೆನ್ನು ತಿರುಗಿಸಿ ಮೆಟ್ಟಿಲಿಳಿಯುತ್ತಿದ್ದಳು. ರವಿಕೆ ತೊಪ್ಪೆ. ಅದರ ಮೇಲಿನ ತುರುಬು ಎಣ್ಣೆ ಹಾಕಿ ಬಾಚಿದ್ದು ಬಾಚಿದಂತೆಯೇ ಇತ್ತು. ಸುತ್ತಿದ ಮಲ್ಲಿಗೆಯ ಒಂದು ಮೊಗ್ಗೂ ನೀರು ಕಂಡಿರಲಿಲ್ಲ.

“ದೊಡ್ಡವ್ವಾ” ಎಂದಳು ಕವನ, ದನಿ ತಗ್ಗಿಸಿ. “ಒದ್ದೆ ರವಿಕೆಯಲ್ಲಿ ಬಸ್ಸು ಹತ್ತಬೇಡಿ, ನೆಗಡಿ ಆಗುತ್ತೆ. ಒಳಗೆ ಬನ್ನಿ, ಒಣಗಿದ್ದು ಕೊಡ್ತೀನಿ.”

ಮಂಟಪದ ಪಕ್ಕದಲ್ಲಿ ಬಾಗಿಲ ಮೇಲೆ ‘ವಧುವಿನ ಕೋಣೆ’ ಎಂದು ಬರೆದಿದ್ದ ಕೋಣೆಯನ್ನು ಅಂದು ಪರೀಕ್ಷೆಯ ಕೋಣೆ ಮಾಡಿದ್ದರು. ಗೋಡೆಗೆ ಆಳೆತ್ತರದ ಕನ್ನಡಿ, ಅದರ ಚೌಕಟ್ಟಿನ ತುಂಬ ಎಷ್ಟೋ ಮದುವೆಯ ಹೆಣ್ಣುಗಳು ಕಿತ್ತು ಅಂಟಿಸಿದ ಬಿಂದಿಗಳು. ಕವನ ಬಾಗಿಲು ಹಾಕಿ, ತನ್ನ ಶಾಲನ್ನು ಮರಿತಾಯಮ್ಮನ ಹೆಗಲಿಗೆ ಹೊದಿಸಿ, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದಳು. ತಾನೂ ಎದುರಿಗೆ ಕೂತಳು.

“ನಂಜುಂಡಪ್ಪನಿಗೆ ಮುಳುಗು ಹಾಕಿದ್ದು ಅಂದ್ರಿ.”

“ಊ.”

“ತಲೆ ನೆಂದೇ ಇಲ್ವಲ್ಲ?”

ಮರಿತಾಯಮ್ಮನ ಕೈ ತುರುಬಿಗೆ ಹೋಯಿತು. ಮಲ್ಲಿಗೆಯನ್ನು ಮುಟ್ಟಿತು. ಅಲ್ಲೇ ನಿಂತಿತು. ಹೊರಗೆ ಮೈಕಿನಲ್ಲಿ ಯಾರೋ “ಹಲೋ, ಹಲೋ” ಎಂದು ಮೂರು ಸಲ ಕೂಗಿ ಸುಮ್ಮನಾದರು.

“ಅಯ್ಯೋ ನಿನ್ ಕಣ್ಣಿಗೆ ಬೆಂಕಿ ಬೀಳ” ಎಂದಳು ಕೊನೆಗೆ. “ನಾನು ನಿನ್ನ ಡಾಕ್ಟ್ರು ಅಂದ್ಕಂಡಿದ್ದೆ. ನೀನು ಅತ್ತೆ ಕಣ್ಣಿನೋಳು.”

“ನಮ್ಮಜ್ಜಿ ಕಣ್ಣು ದೊಡ್ಡವ್ವ. ಪಟ್ಟಿ ಬೇಕೂಂತಲೇ ಕಿತ್ತು ಹಾಕಿದ್ರಾ?”

“ನಾನೆಲ್ಲಿ ಕಿತ್ತೆ? ನನ್ನ ಕೈ ಅಲ್ಲೀಗಂಟ ಎಟುಕ್ತದಾ? ಪಕ್ಕದಲ್ಲಿ ಒಬ್ಳು ಮಂಡ್ಯದ ಕಡೆ ಎಂಗ್ಸು ಮೀತಿದ್ಲು. ಅವ್ವ ಅವ್ವ, ಬೆನ್ನು ಉಜ್ಜವ್ವ ಅಂದೆ. ಪುಣ್ಯಾತ್ಗಿತ್ತಿ, ಎಮ್ಮೆ ತಿಕ್ಕ್ದಂಗೆ ತಿಕ್ಕುದ್ಲು.”

“ಯಾಕೆ ದೊಡ್ಡವ್ವ? ನೀವೇ ಅಲ್ವಾ ಖುಷಿಯಾಗಿ ಒಪ್ಪಿದ್ದು?”

ಮರಿತಾಯಮ್ಮ ತನ್ನ ಬಿರಿದ ಬೆರಳುಗಳನ್ನು ತೊಡೆಯ ಮೇಲೆ ಹರಡಿ ನೋಡಿಕೊಂಡಳು.

“ಒಪ್ಪಿದ್ದೆ. ನಾರು ಅಂತ ಯೋಳ್ತದೆ, ದಾರ್ದಲ್ಲಿ ಕಟ್ಟಿದ್ರಾಯ್ತು ಅಂದ್ಕಂಡಿದ್ದೆ. ಆದ್ರೆ ಮೊನ್ನೆ ರಾತ್ರಿಯಿಂದ ಬೆನ್ನು ಮಾತಾಡಕ್ಕೆ ಸುರು ಮಾಡ್ತು ಕಣವ್ವ. ಕೆಳಗಡೆ ಅಲ್ಲ, ನಾರು ಇಟ್ಟ ಕಡೆ ಅಲ್ಲ. ಮೇಲೆಲ್ಲೋ. ತುರಿ ಅಂದ್ರೆ ತುರಿ. ನಂಗೆ ಎದ್ರಿಕೆ ಆಗೋಯ್ತು. ಮೇಲ್ಗಡೆ ಇದ್ದದ್ದೆಲ್ಲ ಊವ. ಊವ ಬುಡು ಅಂದ್ಬುಟ್ರೆ ನಾನು ಏನ್ ಮಾಡ್ಲಿ? ನಮ್ಮವ್ವನ ಮಡ್ಲಲ್ಲಿ ಕುಂತು ಕಲ್ತದ್ದು. ಕಣ್ಮುಚ್ಚಿ ಕಟ್ತೀನಿ, ನಿದ್ದೇಲಿ ಕಟ್ತೀನಿ. ಎಣ ಮನೆಗೂ ನಾನೇ, ಮದ್ವೆ ಮನೆಗೂ ನಾನೇ. ಜಯಂತಿ ದಿನ ನಮ್ಮ ಕೇರಿ ಮೆರವಣ್ಗೆಗೆ ಆಳುದ್ದ ಸೇವಂತಿಗೆ ಆರ ಬರ್ತದಲ್ಲ, ಅದು ನನ್ನ ಕೈದು. ಗೊತ್ತಾಗದೇ ಇದ್ರೆ ಬೆರ್ಳು ಒಡೀತಿರ್ತದೆ, ಮುಲಾಮು ಅಚ್ತಿರ್ತೀನಿ, ಕಟ್ತಿರ್ತೀನಿ. ಗೊತ್ತಾಗ್ಬುಟ್ರೆ ಬುಡ್ಬೇಕಲ್ಲ? ಅದ್ಕೇ ಒಳೆಗೆ ಕೊಟ್ಬುಟ್ಟೆ.”

ಕವನಳ ಲ್ಯಾಪ್‌ಟಾಪಿನಲ್ಲಿ ಟೆಸ್ಟಿನ ಬಗ್ಗೆ ಚಿತ್ರ, ಬಾಣ, ಅಂಕಿ ಎಲ್ಲ ಇದ್ದವು. ಇದಕ್ಕೆ ಉತ್ತರ ಇರಲಿಲ್ಲ. ಇದ್ದದ್ದೆಂದರೆ ಅಜ್ಜಿಯ ಒಂದು ಕತೆ. ಅದರಿಂದಲೇ ಭಾಷಣ ಶುರು ಮಾಡೋಣವೆಂದಿದ್ದವಳು, “ಡಾಕ್ಟರ್‌ಗಳ ಸಭೇಲಿ ಅಜ್ಜಿಕತೆನಾ? ಕೈಗೊಂದು ಕಜ್ಜಾಯಾನೂ ಕೊಡ್ತೀಯಾ?” ಎಂದು ಜೊತೆಗೆ ಓದಿದ ಸೋಮಶೇಖರ್ ಅಣಕಿಸಿದ ಮೇಲೆ ಅಳಿಸಿಹಾಕಿದ್ದಳು.

“ನಮ್ಮಜ್ಜಿ ಒಂದು ಕತೆ ಹೇಳ್ತಿತ್ತು ದೊಡ್ಡವ್ವ. ಒಂದೂರಲ್ಲಿ ಒಬ್ಬಳು ಮುದುಕಿ. ಅವಳ ಮನೇಲಿ ಕಾಳು ತುಂಬೋ ಏಳು ವಾಡೆ. ಒಂದಿನ ಒಂದು ನಾಗರಹಾವು ಸರ್ರಂತ ಒಳಗೆ ಬಂದು ಯಾವುದೋ ವಾಡೆಗೆ ಇಳಿದುಬಿಡ್ತು. ಯಾವ ವಾಡೆ ಅಂತ ಮುದುಕಿಗೆ ಕಾಣಲಿಲ್ಲ. ಅವತ್ತಿಂದ ಅವಳು ಏಳಕ್ಕೂ ಕೈ ಹಾಕಲಿಲ್ಲ. ಮನೆ ತುಂಬ ರಾಗಿ, ಅವರೆ, ಹುರುಳಿ. ಮುದುಕಿ ಹಸ್ಕೊಂಡು ಒಣಗಿ ಕಡ್ಡಿಯಾದಳು. ಇದ್ದ ಹಾವು ಒಂದೇ. ಹೆದರಿಕೆ ಏಳು ವಾಡೆಗೂ ತುಂಬಿಬಿಟ್ಟಿತ್ತು.”

ಮರಿತಾಯಮ್ಮ ಕತೆಯನ್ನು ತಲೆ ಓರೆ ಮಾಡಿ ಕೇಳಿದಳು. ಆಮೇಲೆ ಮೂಗು ಮುರಿದಳು.

“ಎಂಥ ಪೆದ್ದು ಮುದ್ಕಿನವ್ವ ಅದು. ಒಂದೊಂದ್ಕೇ ಒಗೆ ಆಕಿದ್ರೆ ಆವು ತಾನೇ ಈಚೆಗೆ ಬರ್ತಿತ್ತಪ್ಪ.”

“ಹೊಗೆ ಹಾಕೋಕೇ ಅಲ್ವಾ ನಾನು ಪಟ್ಟಿ ಅಂಟಿಸಿದ್ದು?”

“ಅಂಗಲ್ಲ ಕಣ್ ಮಗ.” ಮರಿತಾಯಮ್ಮನ ದನಿ ಈಗ ಮೆತ್ತಗಾಯಿತು. “ನಿನ್ ಕತೆ ಮುದ್ಕಿಗೆ ಏಳು ವಾಡೆಲೂ ಕಾಳಿತ್ತು. ನನ್ನ ಏಳ್ರಲ್ಲಿ ತುಂಬಿರೋದು ಒಂದೇ. ಸೇವಂತಿಗೆ. ಆವು ಅದ್ರೊಳಗೇ ಕುಂತಿದ್ರೆ?”

ಇದು ಅಜ್ಜಿಯ ಕತೆಯಲ್ಲಿ ಇರಲಿಲ್ಲ. ಒಳಗಿನ ಸಭೆಯಲ್ಲಿ ಮೊದಲ ಉಪನ್ಯಾಸ ಶುರುವಾಗಿತ್ತು. ಗೋಡೆಯಾಚೆ ಯಾರದೋ ಗಂಭೀರ ದನಿ ಗುಂಯ್‌ಗುಟ್ಟುತ್ತಿತ್ತು. ಮುಂದಿನ ಸರದಿ ಅವಳದು.

“ಸರಿ ದೊಡ್ಡವ್ವ” ಎಂದಳು ಕವನ. “ನಿಮಗೆ ಬೇಡ ಅಂದ್ರೆ ನಾನು ನೋಡಲ್ಲ. ಆ ಫೋಟೊಗಳನ್ನೇ ತೋರಿಸ್ತೀನಿ. ನೀವು ರವಿಕೆ ಒಣಗಿದ ಮೇಲೆ ಹೊರಡಿ. ಕ್ಲಿನಿಕ್‌ಗೆ ಬಂದ್ರೆ ಮುಲಾಮು ಯಾವಾಗ್ಲೂ ಕೊಡ್ತೀನಿ. ಬೆನ್ನು ನಿಮ್ಮದು.”

ಎದ್ದು ಬಾಗಿಲ ಚಿಲಕಕ್ಕೆ ಕೈ ಹಾಕಿದಳು.

“ನಿಂತ್ಕೊ.”

ಕವನ ತಿರುಗಿದಳು.

“ಆ ಮಂಡ್ಯದೋಳು ಇದ್ಲಲ್ಲ. ತಿಕ್ತಾ ತಿಕ್ತಾ ಇದ್ದೋಳು ಕೈ ನಿಲ್ಸ್ಬುಟ್ಲು. ‘ಅವ್ವ, ಇಲ್ಲಿ ಕಾಸ್ನಗಲ ಕೆಂಪುಗೆ ಎದ್ಬುಟ್ಟದೆ, ಏನಿದು’ ಅಂದ್ಲು. ಎಲ್ಲಿ ಅಂತ ಕೇಳನಿಲ್ಲ ನಾನು. ಕಿವಿ ಮುಚ್ಕಂಡು ಮೇಲೆ ಬಂದ್ಬುಟ್ಟೆ.” ಮರಿತಾಯಮ್ಮ ಒಂದು ಉಸಿರು ಬಿಟ್ಟಳು. “ದಾರಿಯಾಗೆ ತಂಗಿ ಮಗಳು ಈ ಮಲ್ಗೆ ಮುಡ್ಸಿದ್ಲು. ಮುಡ್ಸೋವಾಗ ನನ್ನ ಕೈ ಇಂದಕ್ಕೆ ಎಳ್ಕಂಡ್ತು ಕಣವ್ವ. ಮಲ್ಗೆ ಮುಟ್ಟಕ್ಕೆ! ಉಟ್ದಾಗ್ನಿಂದ ಮುಟ್ಟಿರೋ ಮಲ್ಗೆಗೆ ನಾನು ಎದ್ರುಕಂಡೆ. ಒಳೆಗೆ ಕೊಟ್ಟು ಬಂದೆ ಅಂದ್ಕಂಡಿದ್ದೆ. ಅದು ನನ್ನ ಜೊತೇಲೇ ಮೆಟ್ಲತ್ತಿ ಬಂದದೆ.”

ಅವಳು ಕುರ್ಚಿಯನ್ನು ತಾನೇ ತಿರುಗಿಸಿ, ಕನ್ನಡಿಗೆ ಮುಖ ಬಾರದಂತೆ, ಗೋಡೆ ಕಡೆಗೆ ಕೂತಳು.

“ನಾನೂ ನಿನ್ ಕತೆ ಪೆದ್ದ್ ಮುದ್ಕಿ ಆಗೋದು ಬ್ಯಾಡ. ನೋಡ್ಬುಡು. ಆದ್ರೆ ಬಾಯ್ಬುಟ್ಟು ಯೋಳ್ಬ್ಯಾಡ. ನಿನ್ ಡಬ್ಬಿಲಿ ಏಳೂ ತಂದಿದ್ದೀಯಲ್ಲ, ಸಭೆಗೆ ತೋರ್ಸಕ್ಕೆ? ಅದನ್ನ ನನ್ ಮಡ್ಲಿಗೆ ಉಯ್ಯಿ. ಯಾವ್ದು ಬುಡ್ಬೇಕೋ ಅದನ್ನ ತಗ್ದು ಆಚೆ ಇಡು. ನಾನು ನೋಡ್ಕಂತೀನಿ.”

ಕವನ ಡಬ್ಬಿ ತೆರೆದು ಹೂಗಳನ್ನೂ ನಾರಿನ ಸುರುಳಿಯನ್ನೂ ಅವಳ ಮಡಿಲಿಗೆ ಸುರಿದಳು. ಬೆಳಗಿನ ಹೂ, ಹುಲ್ಲಹಳ್ಳಿ ಕಡೆಯ ಅಚ್ಚ ಹಳದಿ ಸೇವಂತಿಗೆ. ಕೋಣೆ ತುಂಬ ಮರುಗದ ವಾಸನೆ ಎದ್ದಿತು. ಆಮೇಲೆ ಶಾಲು ಸರಿಸಿ, ಒದ್ದೆ ರವಿಕೆಯನ್ನು ಹೆಗಲಿಂದ ಇಳಿಸಿದಳು.

ಶುಕ್ರವಾರ ತಾನಿಟ್ಟಿದ್ದ ಶಾಯಿಯ ಗುರುತುಗಳು ಒಂದೂ ಉಳಿದಿರಲಿಲ್ಲ. ಆದರೆ ಅಂಟಿನ ಪಟ್ಟಿ ಎರಡು ದಿನ ಕೂತಿದ್ದ ಜಾಗದ ಅಂಚು ಗದ್ದೆಯ ಬದುವಿನ ಹಾಗೆ ಕಾಣುತ್ತಿತ್ತು, ಅದರೊಳಗೆ ಏಳು ಬಟ್ಟಲುಗಳ ಏಳು ತೆಳುವಾದ ಬಳೆಗುರುತು. ಕಿಟಕಿಯ ಬೆಳಕು ಓರೆಯಾಗಿ ಬಿದ್ದಿತ್ತು. ತಿಕ್ಕಿದ ಕೆಂಪು ಬೆನ್ನೆಲ್ಲ ಹರಡಿತ್ತು. ಕಣ್ಣು ಮೋಸ ಹೋಗುವ ಜಾಗ ಇದು. ಚರ್ಮವನ್ನು ಬೆರಳಿನಿಂದ ಓದಬೇಕು. ಕವನ ಕಣ್ಣು ಮುಚ್ಚಿ, ತೋರುಬೆರಳನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹಾಯಿಸಿದಳು. ನಾರಿನ ಜಾಗ ನುಣ್ಣಗೆ. ತುಳಸಿ ನುಣ್ಣಗೆ. ಮರುಗ, ಕನಕಾಂಬರ, ಮಲ್ಲಿಗೆ, ಮೂರೂ ನುಣ್ಣಗೆ. ಚೆಂಡುಹೂವಿನ ಜಾಗದಲ್ಲಿ ಬೆರಳು ಒಂದು ಚೂರು ತಡೆಯಿತು. ಅದರ ಮೇಲಿನದಕ್ಕೆ ಬಂದಾಗ ಪೂರ್ತಿ ನಿಂತಿತು. ಗಟ್ಟಿಯಾದ ದುಂಡನೆಯ ಉಬ್ಬು, ಅದರ ಮೇಲೆ ರಾಗಿಕಾಳಿನಂಥ ಗುಳ್ಳೆಗಳು.

ಕವನ ಇನ್ನೊಂದು ಸಲ ಓದಿದಳು. ಅದೇ ಉತ್ತರ.

ಅವಳು ಮುಂದೆ ಬಂದು ಮರಿತಾಯಮ್ಮನ ಎದುರು ನೆಲದ ಮೇಲೆ ಕೂತಳು. ಮಡಿಲಿನಿಂದ ಚೆಂಡುಹೂವನ್ನು ಎತ್ತಿ ಪಕ್ಕದ ಕುರ್ಚಿಯ ಮೇಲಿಟ್ಟಳು. ಮರಿತಾಯಮ್ಮನ ಕಣ್ಣು ಆ ಕೈಯನ್ನೇ ಹಿಂಬಾಲಿಸುತ್ತಿತ್ತು. ಚೆಂಡುಹೂವಿಗೆ ಅವಳ ಮುಖದಲ್ಲಿ ಏನೂ ಆಗಲಿಲ್ಲ. ಕವನಳ ಕೈ ಮತ್ತೆ ಮಡಿಲಿಗೆ ಬಂದು, ಸೇವಂತಿಗೆಯ ಮೇಲೆ ನಿಂತಿತು.

“ತಗಿ” ಎಂದಳು ಮರಿತಾಯಮ್ಮ.

ಕವನ ಒಂದೊಂದಾಗಿ ಸೇವಂತಿಗೆಗಳನ್ನು ಆರಿಸಿ ತೆಗೆದಳು. ಮುಗಿದ ಮೇಲೆ ಒಂದು ಹಳದಿ ಎಸಳು ಸೆರಗಿಗೆ ಅಂಟಿಕೊಂಡು ಉಳಿದಿತ್ತು. ಅದನ್ನು ಮರಿತಾಯಮ್ಮ ತಾನೇ ಕೊಡವಿದಳು. ಮಡಿಲಲ್ಲಿ ಉಳಿದದ್ದನ್ನು ನೋಡಿದಳು. ಬೆಳ್ಳಗೆ, ಕೆಂಪಗೆ, ಹಸಿರಗೆ. ಹಳದಿ ಇಲ್ಲ.

“ಮಂಗಳವಾರ ಇನ್ನೊಂದು ಸಲ ನೋಡ್ಬೇಕು ದೊಡ್ಡವ್ವ. ಇವತ್ತಿನದೇ ಕೊನೆ ಮಾತಲ್ಲ” ಎಂದಳು ಕವನ. ಸಮಾಧಾನಕ್ಕೆಂದು ಹೇಳಿದ್ದಲ್ಲ, ಪದ್ಧತಿಯೇ ಹಾಗೆ. ಆದರೂ ಸಮಾಧಾನದ ಹಾಗೆ ಕೇಳಿಸಿತು.

“ಬೆರ್ಳು ಯೋಳ್ತಾ ಇತ್ತು ಬುಡು ಇಷ್ಟು ದಿನ. ನಾನೇ ಕೇಳುಸ್ಕಂತಿರ್ನಿಲ್ಲ.” ಅವಳು ನಾರಿನ ಸುರುಳಿ ಬಿಚ್ಚಿದಳು. “ಅಲ್ಲ, ಆ ಚೆಂಡೂವ ಏನ್ ಮಾಡ್ತು ಪಾಪ?”

“ಅದು ಸೇವಂತಿಗೆಗೆ ನೆಂಟ. ಒಂದೇ ಬಳಗ. ಒಬ್ಬರನ್ನ ಕಂಡ್ರೆ ಆಗದ ಚರ್ಮಕ್ಕೆ ಇನ್ನೊಬ್ಬರನ್ನ ಕಂಡ್ರೂ ಆಗಲ್ಲ.”

“ಓ. ಬೀಗ್ರ ಜೊತೆ ಜಗಳ ಆದ್ರೆ ಬೀಗ್ರ ಅಟ್ಟಿನೆಲ್ಲ ಬುಡ್ಬೇಕಲ್ಲ, ಅಂಗೆ.”

“ಹಾಗೇ.”

“ಕೈಗೆ ಚೀಲ ಗೀಲ ಆಕ್ಕಂಡು ಕಟ್ಟು ಅಂತ ಮಾತ್ರ ಅನ್ಬ್ಯಾಡ. ಕೂಸಿನ್ನ ಗೋಣಿಚೀಲ್ದಲ್ಲಿ ಸುತ್ತಿ ಮುದ್ದಾಡ್ದಂಗೆ ಆಯ್ತದೆ.”

ಗ್ಲೌಸಿನ ಮಾತು ನಾಲಿಗೆಯ ತುದಿಗೆ ಬಂದಿದ್ದ ಕವನ ಅದನ್ನು ನುಂಗಿಕೊಂಡಳು. ಮಂಗಳವಾರ ಹೇಳಿದರಾಯಿತು. ಅಷ್ಟರಲ್ಲಿ ಬಾಗಿಲು ಬಡಿದು ಸೋಮಶೇಖರನ ದನಿ: “ಕವನಾ, ನಿಂದೇ ಮುಂದಿಂದು. ಗಂಗಾಧರಸ್ವಾಮಿ ಸಾರ್ ಫೋಟೊ ಹಾಕ್ಸಿದಾರೆ, ಬೇಗ ಬಾ.”

ಕವನ ಮರಿತಾಯಮ್ಮನ ಮುಖ ನೋಡಿದಳು. ಕೇಳಲಿಲ್ಲ. ಮರಿತಾಯಮ್ಮ ಎರಡು ಮಲ್ಲಿಗೆ ಮೊಗ್ಗು, ಎರಡು ಕನಕಾಂಬರ ಸೇರಿಸಿ ನಾರಿಗೆ ಗಂಟು ಹಾಕುತ್ತಿದ್ದಳು. ಒಡೆದ ಬೆರಳುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು.

“ಯಾರ್ದೋ ಬೆನ್ನು ಯಾಕೆ ತೋರುಸ್ತಾರಂತೆ?” ಎಂದಳು ತಲೆ ಎತ್ತದೆ. “ನನ್ದು ಏನ್ ಮುರ್ದೋಗಿದ್ದದಾ? ಬಂದು ಮುಟ್ಲಿ ಬುಡು. ಆದ್ರೆ ಒಂದು. ತಲೆ ವಿಷ್ಯ ಯಾರ್ಗೂ ಯೋಳ್ಬ್ಯಾಡ. ನಂಜುಂಡಪ್ಪನ ಎಸ್ರು ಯೋಳಿ ಸುಳ್ಳಾಡ್ದೆ ಅಂತ ಆಡ್ಕಂತಾರೆ.”

ಹಾಗೆ ಆ ದಿನದ ಪಾಠ ವಧುವಿನ ಕೋಣೆಯಲ್ಲಿ ನಡೆಯಿತು. ಮುಂದುಗಡೆಗೆ ಶಾಲು ಹೊದ್ದು, ಬೆನ್ನಷ್ಟೇ ತೆರೆದು, ಹೂ ಕಟ್ಟುತ್ತ ಕೂತ ಮರಿತಾಯಮ್ಮನ ಹಿಂದೆ ವೈದ್ಯರು ನಾಲ್ಕು ನಾಲ್ಕು ಮಂದಿಯಾಗಿ ಬಂದರು. ಕವನ ಪ್ರತಿ ಗುಂಪಿಗೂ ಒಂದೇ ಮಾತು ಹೇಳಿದಳು. “ಕಣ್ಣು ಮುಚ್ಚಿ, ಕೆಳಗಿನಿಂದ ಮೇಲಕ್ಕೆ ಬನ್ನಿ. ಉಜ್ಜಿದ ಕೆಂಪು ಯಾವುದು, ಅಲರ್ಜಿಯ ಉಬ್ಬು ಯಾವುದು, ಬೆರಳೇ ಹೇಳುತ್ತೆ.” ಒಬ್ಬ ಹುಡುಗ ಡಾಕ್ಟರ್ ಮುಟ್ಟಿ, ಬೆಚ್ಚಿ, “ಹೌದಲ್ಲ!” ಎಂದ.

“ನನ್ ಮದ್ವೇಲಿ ಅರ್ಸ್ನ ಅಚ್ಚೋವಾಗ್ಲೂ ಇಷ್ಟು ಕೈ ಬಿದ್ದಿರ್ನಿಲ್ಲ ಕಣಪ್ಪ ಈ ಬೆನ್ ಮೇಲೆ” ಎಂದಳು ಮರಿತಾಯಮ್ಮ. “ಮೆತ್ತುಗೆ. ಅದು ಕುಯ್ಯೋ ಕುಂಬ್ಳಕಾಯಲ್ಲ.”

ಕೊನೆಯ ಗುಂಪಿನಲ್ಲಿ ಗಂಗಾಧರಸ್ವಾಮಿಯವರು ಬಂದರು. ಓದಿ, ತೃಪ್ತಿಯಿಂದ ತಲೆದೂಗಿ, “ಮುಳುಗು ಹಾಕಿದ್ರೂ ಉಳಿದಿದೆಯಲ್ಲ, ನಂಜುಂಡಪ್ಪ ದೊಡ್ಡೋನು” ಎಂದರು. ಆಮೇಲೆ ಕವನಳ ಕಡೆ ತಿರುಗಿ, “ಮುಂದಿನ ಸಲಕ್ಕೆ ಪೇಷೆಂಟ್‌ಗೆ ಏನು ಹೇಳಬೇಕು ಅಂತ ಬರ್ಕೊಂಡ್ಯಾ?” ಎಂದು ಕೇಳಿದರು.

“ಹೇಳೋದಲ್ಲ ಸಾರ್, ಕೇಳೋದು. ಉತ್ತರ ಬಂದ್ರೆ ಏನು ಮಾಡ್ತೀರಿ ಅಂತ ಮೊದಲೇ ಕೇಳ್ಬೇಕು” ಎಂದಳು ಕವನ. ಅವರಿಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಆದರೂ “ಗುಡ್, ಗುಡ್” ಎಂದು ಊಟದ ಕಡೆ ಹೊರಟರು.

ಮಂಗಳವಾರ ಬೆಳಿಗ್ಗೆ ನರಸೀಪುರದ ಕ್ಲಿನಿಕ್ಕಿನಲ್ಲಿ ಕವನ ಎರಡನೆಯ ಸಲ ಆ ಬೆನ್ನನ್ನು ಓದಿದಳು. ತಿಕ್ಕಿದ ಕೆಂಪೆಲ್ಲ ಮಾಸಿ, ಮೇಲಿನ ಎರಡು ಮಾತ್ರ ಖಚಿತವಾಗಿ ಕೂತಿದ್ದವು. ಈ ಸಲ ಬಾಯಿಬಿಟ್ಟೇ ಹೇಳಿದಳು. ಮರಿತಾಯಮ್ಮ ಹೂಂಗುಟ್ಟಿದಳು. ಪಕ್ಕದಂಗಡಿಯ ಹುಚ್ಚಯ್ಯನಿಗೆ ಸೇವಂತಿಗೆಯನ್ನು ಒಪ್ಪಿಸಿ ಆಗಿತ್ತಂತೆ. “ನಾನು ಮಾರುದೂರ ಕುಂತು ಯೋಳ್ಕೊಡ್ತೀನಿ, ಅವನು ಕಟ್ತಾನೆ. ಕಟ್ಟದೆಲ್ಲಿ, ಅಗ್ಗ ಒಸೀತಾನೆ. ನಿನ್ನೆ ಅವನು ಕಟ್ಟಿದ್ದ ಆರ ನೋಡಿದ್ರೆ ದನ ಕಟ್ಟಾಕ್ಬೋದು. ಜಯಂತಿ ಒತ್ಗೆ ಕಲೀತಾನೋ ಇಲ್ವೋ.” ಹೇಳುತ್ತ ನಕ್ಕಳು. ನಗು ಮುಗಿದ ಮೇಲೆ ಹೆಬ್ಬೆರಳಿನಿಂದ ತೋರುಬೆರಳನ್ನು ಸುಮ್ಮನೆ ಒಂದು ಸಲ ಉಜ್ಜಿಕೊಂಡಳು, ಅಲ್ಲಿ ಇಲ್ಲದ ಸೇವಂತಿಗೆಯ ತೊಟ್ಟನ್ನು ಹಿಡಿದ ಹಾಗೆ.

“ಇನ್ನು ನೀರು ಬಿದ್ರೆ ಪರ್ವಾಗಿಲ್ವಾ ಬೆನ್ಗೆ?”

“ಇನ್ನು ಎಷ್ಟು ಬೇಕಾದ್ರೂ ಬೀಳ್ಲಿ ದೊಡ್ಡವ್ವ.”

ಮರಿತಾಯಮ್ಮ ಹೊರಟುಹೋದಳು. ಕವನ ಮುಂದಿನ ರೋಗಿಗಳನ್ನು ನೋಡತೊಡಗಿದಳು. ಸೋಸಲೆಯಿಂದ ಬಂದವರ ಹುಳುಕಡ್ಡಿ, ಯಾರದೋ ಕೂದಲು ಉದುರುವುದು, ಯಾರದೋ ಕಾಲಿನ ಆಣಿ. ಬಿಸಿಲು ಏರಿತು.

ಊಟದ ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ಮರಿತಾಯಮ್ಮ ಸಂಗಮದಿಂದ ನೇರ ಬಂದಿದ್ದಳು. ತುರುಬು ಬಿಚ್ಚಿ ಬಿಟ್ಟಿದ್ದಳು; ನೆತ್ತಿಯಿಂದ ಹಿಡಿದು ಸೊಂಟದವರೆಗೆ ಕೂದಲು ತೊಟ್ಟಿಕ್ಕುತ್ತಿತ್ತು, ಹುಬ್ಬಿನ ಮೇಲೂ ನೀರಿನ ಹನಿ. ಒಂದು ಮೊಳ ಮಲ್ಲಿಗೆಯನ್ನು ಮೇಜಿನ ಮೇಲಿಟ್ಟಳು.

“ನಂಜುಂಡಪ್ಪಂಗೆ ಬಾಕಿ ಇತ್ತಲ್ಲ” ಎಂದಳು. “ಅದೇ ನೀರು ತಾನೇ ಇಲ್ಲಿಗೂ ಬರೋದು. ಈಗ ಕೂದ್ಲು ಒಣ್ಗೋಗಂಟ ಇಲ್ಲೇ ಫ್ಯಾನ್ ಕೆಳಗೆ ಕುಂತಿರ್ತೀನಿ. ಆ ಮುದ್ಕಿ ಕತೆ ಅರ್ಧಕ್ಕೇ ಬುಟ್ಟಿದ್ದೀಯ. ಆವು ಯಾವ ವಾಡೇಲಿತ್ತು, ಯೋಳು.”